ಬಿದಿರಿನ ನೆಲಹಾಸು: ನಾಲೆ ಬಯಲಿನ ಮನೆಗೆ ಆಗುತ್ತಾ? ಹಾಕೋದು ಹೇಗೆ?

2023ರ ಮೇ 28ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನ ಉದ್ಘಾಟನೆ ಆಯ್ತು. ಅದರ ನೆಲಕ್ಕೆ ತ್ರಿಪುರಾದಿಂದ ತರಿಸಿದ ಬಿದಿರಿನ ಹಲಗೆ ಬಳಸಿದ್ದಾರೆ. ಅದಕ್ಕೂ ಮೊದಲು, 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಚಾವಣಿಗೂ ಕಂಬಗಳಿಗೂ ಬಿದಿರೇ ಸಿಂಗಾರ. ಇವುಗಳ ವಿಡಿಯೋ ಮೊಬೈಲ್‌ನಲ್ಲಿ ನೋಡಿದ ಮೇಲೆ ಚಿನಕುರಳಿ, ಪಾಂಡವಪುರ ಕಡೆಯ ಹುಡುಗರು ನನ್ನನ್ನು ಕೇಳೋದು ಎರಡೇ ಪ್ರಶ್ನೆ. "ಅಣ್ಣ, ಹೊಸ ಮನೆಗೆ ಟೈಲ್ಸ್ ಬದಲು ಬಿದಿರು ಹಾಕಿಸ್ಲಾ?" "ಬದುವಿನ ಮೇಲಿರೋ ನಮ್ಮ ಬಿದಿರನ್ನೇ ಹಲಗೆ ಮಾಡಿಸ್ಬೋದಾ?"

ಮನೆ ಕಟ್ಟೋದು ಅಂದ್ರೆ ನಮಗೆ ನಾಲ್ಕೈದು ಕಬ್ಬಿನ ಬೆಳೆಯ ದುಡ್ಡು. ತಪ್ಪು ನೆಲ ಹಾಕಿಸಿ ಎರಡನೇ ವರ್ಷ ಕಿತ್ತುಹಾಕೋದು ಯಾರಿಗೂ ಬೇಡ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಇದನ್ನು ಓದಿ.

ಗಳ ಬೇರೆ, ಹಲಗೆ ಬೇರೆ

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಕಳಲೆ ಮೇಲೆದ್ದ ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರಕ್ಕೆ ಬೆಳೆಯುತ್ತದೆ, ಆದರೆ ಗಟ್ಟಿಯಾಗೋಕೆ ಮೂರು ವರ್ಷವಾದರೂ ಬೇಕು. ಅದರೊಳಗೆ ಪಿಷ್ಟ ಜಾಸ್ತಿ, ಆದ್ದರಿಂದ ಹಸಿಯಾಗಿ ಬಳಸಿದರೆ ಕುಟ್ಟೆ ಹುಳ ಬೀಳೋದು ಖಚಿತ.

ನೆಲದ ಹಲಗೆ ಮಾಡೋಕೆ ಬಲಿತ ಬಿದಿರನ್ನು ಸೀಳಿ, ಹೊರಗಿನ ಹಸಿರು ಸಿಪ್ಪೆ ತೆಗೆದು, ಬೇಯಿಸಿ, ಒಣಗಿಸಿ, ಅಂಟು ಹಾಕಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಬೇಕು. ಇದು ಕಾರ್ಖಾನೆ ಕೆಲಸ. ಊರಿನ ಸಾಮಿಲ್‌ನಲ್ಲಿ ಆಗೋದಲ್ಲ. ಎರಡನೇ ಪ್ರಶ್ನೆಗೆ ಉತ್ತರ ಸಿಕ್ತಲ್ಲ? ನಿಮ್ಮ ಮೆಳೆಯ ಬಿದಿರಿಗೆ ಬೇರೆ ಕೆಲಸ ಇದೆ, ಕೊನೆಯಲ್ಲಿ ಹೇಳ್ತೀನಿ.

ಮೂರು ಬಗೆ

1. ಅಡ್ಡ ಪಟ್ಟಿ: ಸೀಳುಗಳನ್ನು ಮಲಗಿಸಿ ಅಂಟಿಸಿದ್ದು. ಗೆಣ್ಣುಗಳು ಚೆನ್ನಾಗಿ ಕಾಣ್ತವೆ.

2. ನಿಂತ ಪಟ್ಟಿ: ಸೀಳುಗಳನ್ನು ಪಕ್ಕಕ್ಕೆ ನಿಲ್ಲಿಸಿ ಅಂಟಿಸಿದ್ದು. ಸಣ್ಣ ಗೆರೆ ಗೆರೆಯಾಗಿ ಕಾಣುತ್ತದೆ.

3. ಸ್ಟ್ರಾಂಡ್ ವೋವನ್: ಸೀಳುಗಳನ್ನು ಜಜ್ಜಿ ನಾರು ಮಾಡಿ, ರಾಳದಲ್ಲಿ ಅದ್ದಿ, ಭಾರೀ ಒತ್ತಡದಲ್ಲಿ ಒತ್ತಿದ್ದು. ಮೂರರಲ್ಲಿ ಇದೇ ಗಟ್ಟಿ.

ಕಂದು ಬಣ್ಣದ್ದು ಬಣ್ಣ ಬಳಿದದ್ದೇ ಇರಬೇಕು ಅಂತೇನಿಲ್ಲ. ಹಬೆಯಲ್ಲಿ ಬೇಯಿಸಿದಾಗ ಬಿದಿರಿನ ಸಕ್ಕರೆ ಕಂದಿ ಆ ಬಣ್ಣ ಬರುತ್ತದೆ. ಆದರೆ ಮೊದಲ ಎರಡು ಬಗೆಯಲ್ಲಿ ಹೀಗೆ ಬೇಯಿಸಿದ್ದು ತಿಳಿ ಬಣ್ಣದ್ದಕ್ಕಿಂತ ಮೆತ್ತಗೆ. ಹೊಲದಿಂದ ಬಂದ ಮಣ್ಣಿನ ಕಾಲು, ಕಬ್ಬಿಣದ ಮಂಚ, ಎಳೆದಾಡೋ ಮೂಟೆ ಇರುವ ನಮ್ಮ ಮನೆಗಳಿಗೆ ಸ್ಟ್ರಾಂಡ್ ವೋವನ್ ಬಿಟ್ಟು ಬೇರೆ ನೋಡ್ಬೇಡಿ.

ಅಂಗಡಿಯಲ್ಲಿ ನಾಲ್ಕು ಮಾತು ಕೇಳಿ: ಹಲಗೆ ಪೂರ್ತಿ ಬಿದಿರಾ, ಇಲ್ಲ ಪ್ಲೈವುಡ್ ಮೇಲೆ ತೆಳು ಬಿದಿರಾ? ಅಂಟಿನ ಫಾರ್ಮಾಲ್ಡಿಹೈಡ್ ದರ್ಜೆ ಇ1 ಅಥವಾ ಇ0 ಇದೆಯಾ? ಗೆದ್ದಲು, ಕುಟ್ಟೆಗೆ ಗ್ಯಾರಂಟಿ ಇದೆಯಾ? ತೇವದಿಂದ ಉಬ್ಬಿದರೆ ಆ ಗ್ಯಾರಂಟಿ ನಡೆಯುತ್ತಾ? ಉತ್ತರ ಬಾಯಲ್ಲಿ ಬೇಡ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಯಾವ ಕೋಣೆಗೆ?

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ಗದ್ದೆಗೆ ನೀರು ಕಟ್ಟಿದಾಗ ಮನೆಯ ತಳಪಾಯಕ್ಕೂ ತೇವ ಏರುತ್ತದೆ. ಹಳೇ ಮನೆಗಳ ಗೋಡೆಯ ಬುಡದಲ್ಲಿ ಗಾರೆ ಉದುರೋದನ್ನು ನೋಡಿದ್ದೀರಿ. ಆ ತೇವವೇ ಬಿದಿರು ಹಲಗೆಯ ಶತ್ರು. ಜೊತೆಗೆ ಯುಗಾದಿ, ಗೌರಿ ಹಬ್ಬ ಬಂದ್ರೆ ಅಮ್ಮ, ಅತ್ತಿಗೆ ಬಕೆಟ್‌ಗಟ್ಟಲೆ ನೀರು ಸುರಿದು ಮನೆ ತೊಳೀತಾರೆ. ಅದನ್ನು ಬಿಡಿಸೋಕೆ ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ.

ಆದ್ದರಿಂದ ಅಡುಗೆಮನೆ, ಬಚ್ಚಲು, ದೇವರ ಮನೆ, ನೆಲಮಟ್ಟದ ಹಜಾರ ಇವಕ್ಕೆ ಬಿದಿರು ಬೇಡ. ರೆಡ್ ಆಕ್ಸೈಡ್, ಕಲ್ಲು, ಟೈಲ್ಸ್ ಅಲ್ಲಿಗೆ ಸರಿ. ಮಹಡಿ ಮೇಲಿನ ಮಲಗುವ ಕೋಣೆ, ಮಕ್ಕಳು ಓದುವ ಕೋಣೆ ಇದ್ದರೆ ಧೈರ್ಯವಾಗಿ ಹಾಕಿಸಿ. ಕಾಲಿಗೆ ತಣ್ಣಗೆ ಹೊಡೆಯಲ್ಲ, ನೋಡೋಕೂ ಚೆನ್ನ.

ಹಾಕುವ ಮೊದಲು

*ಲೆಕ್ಕ:* ಕೋಣೆ 12 ಅಡಿಗೆ 14 ಅಡಿ ಇದ್ದರೆ 168 ಚದರ ಅಡಿ. ಕತ್ತರಿಸಿದ ತುಂಡುಗಳಿಗೆ ನೂರಕ್ಕೆ 10 ಸೇರಿಸಿ, ಸುಮಾರು 185 ಆಯ್ತು. ಪ್ಯಾಕೆಟ್ಟಿಗೆ 24 ಚದರ ಅಡಿ ಬಂದರೆ 8 ಪ್ಯಾಕೆಟ್ ಬೇಕು. ದರ ಕೇಳುವಾಗ ಹಲಗೆಯದ್ದು ಮಾತ್ರ ಕೇಳಬೇಡಿ. ಅಂಡರ್‌ಲೇ, ಸ್ಕರ್ಟಿಂಗ್, ಸಾಗಣೆ, ಕೂಲಿ ಎಲ್ಲ ಸೇರಿಸಿ ಚದರ ಅಡಿಗೆ ಎಷ್ಟು ಬೀಳುತ್ತೆ ಅಂತ ಕೇಳಿ.

*ತೇವ ಪರೀಕ್ಷೆ:* ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ಹಾಕಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ, ಇಲ್ಲ ಸಿಮೆಂಟ್ ಕಪ್ಪಾಗಿದ್ದರೆ ಆ ನೆಲ ಇನ್ನೂ ಒಣಗಿಲ್ಲ. ಏಪ್ರಿಲ್ ಬಿಸಿಲಲ್ಲಿ ಮಾಡಿದ ಪರೀಕ್ಷೆ ನಂಬಬೇಡಿ, ಸುತ್ತ ಗದ್ದೆಯಲ್ಲಿ ನೀರು ನಿಂತಿರುವಾಗ ಮಾಡಿ.

*ಹೊಸ ಕಾಂಕ್ರೀಟ್:* 28 ದಿನ ನೀರು ಹಾಕಿ ಕ್ಯೂರಿಂಗ್ ಮಾಡಿದ್ದು ಗಟ್ಟಿಯಾಗೋಕೆ. ಒಣಗೋದು ಬೇರೆ ಲೆಕ್ಕ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಅಂತ ಅವಸರ ಮಾಡ್ಬೇಡಿ. ಮೊದಲು ಒಕ್ಕಲಾಗಿ, ಆಮೇಲೆ ಹಲಗೆ ಹಾಸಿ.

*ಮಟ್ಟ:* ಉದ್ದನೆಯ ನೇರ ಪಟ್ಟಿ, ರಸಮಟ್ಟ ಇಟ್ಟು ನೋಡಿ. ಎರಡು ಮೀಟರ್‌ನಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚು ಏರುತಗ್ಗು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ನಡೆದಾಗಲೆಲ್ಲ ಕಿರ್ ಕಿರ್ ಅನ್ನುತ್ತೆ.

ಹಾಸುವ ಕ್ರಮ

ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆ ನಮಗೆ ಸುಲಭ. ಇದರಲ್ಲಿ ನೆಲಕ್ಕೆ ಅಂಟಿಲ್ಲ, ಮೊಳೆಯಿಲ್ಲ.

1. ಪ್ಯಾಕೆಟ್‌ಗಳನ್ನು ಅದೇ ಕೋಣೆಯಲ್ಲಿ ಕನಿಷ್ಠ ಮೂರು ದಿನ ಮಲಗಿಸಿಡಿ. ಅಲ್ಲಿನ ಹವೆಗೆ ಹೊಂದಿಕೊಳ್ಳಲಿ.

2. ನೆಲ ಗುಡಿಸಿ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ಫೋಮ್ ಅಂಡರ್‌ಲೇ.

3. ಕೋಣೆಯ ಉದ್ದನೆ ಗೋಡೆಗೆ ಸಮನಾಗಿ ಮೊದಲ ಸಾಲು. ಎಲ್ಲ ಗೋಡೆ, ಬಾಗಿಲು ಚೌಕಟ್ಟು, ಪೈಪುಗಳ ಪಕ್ಕ 10 ಮಿಲಿಮೀಟರ್ ಜಾಗ ಬಿಡಿ. ಮಳೆಗಾಲದಲ್ಲಿ ಹಲಗೆ ಹಿಗ್ಗೋಕೆ ಆ ಜಾಗ ಬೇಕೇ ಬೇಕು.

4. ಅಕ್ಕಪಕ್ಕದ ಸಾಲಿನ ಜೋಡಣೆಗಳು ಒಂದೇ ಗೆರೆಯಲ್ಲಿ ಬರದ ಹಾಗೆ ಒಂದು ಅಡಿಯಾದರೂ ಹಿಂದೆ ಮುಂದೆ ಮಾಡಿ.

5. ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಹೊಡೆಯಿರಿ, ಹಲಗೆಗೆ ಹೊಡೆಯಬೇಡಿ. ಗೋಡೆಗೆ ಸೇರಿಸಿ ಕಟ್ಟುವ ಭಾರದ ಕಪಾಟನ್ನೂ ಹಲಗೆ ಮೇಲೆ ಕೂರಿಸಬೇಡಿ.

ಬಡಗಿಗೆ ಬಾಗಿಲು, ಕಿಟಕಿ ಕೆಲಸ ಗೊತ್ತಿದ್ದ ಮಾತ್ರಕ್ಕೆ ಇದು ಬರುತ್ತೆ ಅಂತಲ್ಲ. ಮೊದಲು ಹಾಕಿದ ಒಂದು ಮನೆ ತೋರಿಸಿ ಅಂತ ಕೇಳಿ, ಹೋಗಿ ನೋಡಿ.

ಆಮೇಲೆ ನಿತ್ಯದ ಕೆಲಸ ಕಡಿಮೆ. ಒಣ ಕಸ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಚೆಲ್ಲಿದ ನೀರನ್ನು ಕೂಡಲೇ ತೆಗೆಯಿರಿ. ಮಂಚದ ಕಾಲಿಗೆ ರಬ್ಬರ್ ಹಾಕಿ.

ಹಾಗಾದ್ರೆ ನಮ್ಮ ಬಿದಿರು?

2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ' ಅನ್ನುವ ಪಟ್ಟಿಯಿಂದ ತೆಗೆದರು. ಸ್ವಂತ ಜಮೀನಿನ ಬಿದಿರಿಗೆ ಈಗ ಆ ಹಳೇ ಬಿಗಿ ಇಲ್ಲ. ಆದರೆ ನಾಲೆ ಏರಿಯ ಬಿದಿರು ನಿಮ್ಮದಲ್ಲ, ಅದಕ್ಕೆ ಕೈ ಹಾಕ್ಬೇಡಿ. ಹಾಗೆಯೇ "ನೆಲದ ಹಲಗೆ ಕಾರ್ಖಾನೆಯವರು ಬಂದು ಕೊಳ್ತಾರೆ, ಎಕರೆಗಟ್ಟಲೆ ಹಾಕಿ" ಅನ್ನುವವರು ಬಂದರೆ, ಕೊಳ್ಳುವವರ ಲಿಖಿತ ಒಪ್ಪಂದ ಕೈಗೆ ಬರೋವರೆಗೂ ಒಂದು ಸಸಿಯನ್ನೂ ನೆಡಬೇಡಿ.

ನಿಮ್ಮ ಬದುವಿನ ಬಿದಿರು ಒಳಚಾವಣಿ, ತಡಿಕೆ, ನರ್ಸರಿ ಶೆಡ್ಡಿಗೆ ಒಳ್ಳೆಯದು. ಮೂರು ವರ್ಷ ದಾಟಿದ ಗಳವನ್ನೇ ಮಳೆಗಾಲ ಮುಗಿದ ಮೇಲೆ ಕಡಿಯಿರಿ. 100 ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಸಿಡ್, 3 ಕಿಲೋ ಬೋರಾಕ್ಸ್ ಕರಗಿಸಿ, ಸೀಳಿದ ದಬ್ಬೆಗಳನ್ನು ಒಂದು ವಾರ ಮುಳುಗಿಸಿ, ನೆರಳಲ್ಲಿ ಒಣಗಿಸಿ. ಮಳೆಗೆ ಒಡ್ಡಿದರೆ ಔಷಧಿ ತೊಳೆದುಹೋಗುತ್ತದೆ, ಸೂರಿನ ಒಳಗೆ ಮಾತ್ರ ಬಳಸಿ. ಕೈಗೆ ಗ್ಲೌಸ್ ಇರಲಿ. ಉಳಿದ ನೀರನ್ನು ತೋಟಕ್ಕೆ, ನಾಲೆಗೆ ಸುರಿಯಬೇಡಿ. ಬೋರಾನ್ ಬೆಳೆಗೆ ಚಿಟಿಕೆಯಷ್ಟು ಬೇಕು, ಹೆಚ್ಚಾದರೆ ವಿಷ. ದನಕರು ಕುಡಿಯುವ ಕಡೆಯಂತೂ ಬೇಡವೇ ಬೇಡ. ಮುಚ್ಚಿಟ್ಟು ಮುಂದಿನ ಕಂತಿನ ದಬ್ಬೆಗೆ ಅದನ್ನೇ ಬಳಸಿ.

ಮಹಡಿ ಕೋಣೆ ಇದೆ, ನೆಲ ಒಣಗಿದೆ, ಒದ್ದೆ ಬಟ್ಟೆ ಹಾಕಲ್ಲ ಅಂತ ಮನೆಯವರು ಒಪ್ಪಿದ್ದಾರೆ. ಈ ಮೂರೂ ಇದ್ದರೆ ಹಾಕಿಸಿ. ಒಂದು ತಪ್ಪಿದರೂ ಆ ದುಡ್ಡನ್ನು ಡ್ರಿಪ್ ಪೈಪಿಗೆ ಹಾಕಿ.