ಕೆಲಸದಲ್ಲಿ ಗಾಯ, ಪರಿಹಾರಧನ ಹಾಗೂ ಆದಾಯ ತೆರಿಗೆ

ದುಡಿಯುವ ಸ್ಥಳದಲ್ಲಿ ಗಾಯಗೊಂಡ ಕಾರ್ಮಿಕನ ಖಾತೆಗೆ ಪರಿಹಾರದ ಹಣ ಜಮೆಯಾದಾಗ, ಅದಕ್ಕೆ ತೆರಿಗೆ ಕಟ್ಟಬೇಕೇ ಎಂದು ಕುಟುಂಬದವರು ಮೊದಲು ವಿಚಾರಿಸುವುದು ಗ್ರಾಮ ಪಂಚಾಯಿತಿ ಸದಸ್ಯರನ್ನೇ. 2024-25ನೇ ಕರನಿರ್ಧಾರಣಾ ವರ್ಷಕ್ಕೆ ಅನ್ವಯವಾಗುವ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ರೋಣ ತಾಲ್ಲೂಕಿನ ಸವಡಿಯಿಂದ ಗೌಂಡಿ ಕೆಲಸಕ್ಕೆ ಹೋದ 30 ವರ್ಷದ ಕಾರ್ಮಿಕನೊಬ್ಬನು ಬಿದ್ದು ಶಾಶ್ವತವಾಗಿ ಸಂಪೂರ್ಣ ಅಶಕ್ತನಾದನೆಂದು ಭಾವಿಸೋಣ. ಮಾಸಿಕ ವೇತನ ರೂ. 15,000. 1923ರ ನೌಕರರ ನಷ್ಟಪರಿಹಾರ ಕಾಯ್ದೆಯಂತೆ ವೇತನದ ಶೇ. 60, ಅಂದರೆ ರೂ. 9,000ವನ್ನು ಆ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಿದರೆ ರೂ. 18,71,820 ಆಗುತ್ತದೆ. ಇದು ಕಳೆದುಕೊಂಡ ದುಡಿಯುವ ಶಕ್ತಿಗೆ ಸಲ್ಲುವ ಬಂಡವಾಳ ಸ್ವರೂಪದ ಹಣವೇ ಹೊರತು ಆದಾಯವಲ್ಲ. ಆದ್ದರಿಂದ ಇದಕ್ಕೆ ತೆರಿಗೆಯಿಲ್ಲ.

ತೊಡಕು ಇರುವುದು ಬಡ್ಡಿಯಲ್ಲಿ. ಪರಿಹಾರವು ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಪಾವತಿಯಾಗದಿದ್ದರೆ ಶೇ. 12ರ ಸರಳ ಬಡ್ಡಿ ಸೇರುತ್ತದೆ. ಮೇಲಿನ ಮೊತ್ತಕ್ಕೆ ಒಂದು ವರ್ಷದ ಬಡ್ಡಿಯೇ ಸುಮಾರು ರೂ. 2,24,618. ಆದಾಯ ತೆರಿಗೆ ಕಾಯ್ದೆಯ ಕಲಂ 145ಬಿ ಪ್ರಕಾರ ಪರಿಹಾರದ ಮೇಲಿನ ಬಡ್ಡಿಯು, ಎಷ್ಟೇ ವರ್ಷಗಳದ್ದಾಗಿರಲಿ, ಕೈಗೆ ಬಂದ ವರ್ಷದ ಆದಾಯವೆನಿಸುತ್ತದೆ. ಆದರೆ ಕಲಂ 57ರಡಿ ಅದರಲ್ಲಿ ಅರ್ಧವನ್ನು ಕಳೆಯಲು ಅವಕಾಶವಿದ್ದು, ಉಳಿದ ರೂ. 1,12,309 ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ ರೂ. 3 ಲಕ್ಷ ಮೀರದಿದ್ದರೆ ತೆರಿಗೆ ಬೀಳದು. ಮೋಟಾರು ಅಪಘಾತದ ಪ್ರಕರಣವೊಂದರಲ್ಲಿ ಮುಂಬೈ ಹೈಕೋರ್ಟ್ 2019ರಲ್ಲಿ, ಅರ್ಜಿಯ ದಿನದಿಂದ ತೀರ್ಪಿನವರೆಗಿನ ಬಡ್ಡಿಗೆ ತೆರಿಗೆಯಿಲ್ಲವೆಂದಿದೆ. ವಿವಾದ ಎದ್ದಲ್ಲಿ ತೆರಿಗೆ ಸಲಹೆಗಾರರನ್ನು ಕಾಣುವುದು ಲೇಸು.

ಹೀಗಿರುವಾಗ ಆದೇಶದ ಪ್ರತಿಯಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು ಎಂಬುದು ಬೇರೆಬೇರೆಯಾಗಿ ನಮೂದಾಗಿರುವುದನ್ನು ನೋಡಿಕೊಳ್ಳಬೇಕು. ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಜಮೆಯಾಗಿದ್ದರೆ ಮುಂದೆ ಸಾಬೀತುಪಡಿಸಲು ಇರುವ ಮುಖ್ಯ ಆಧಾರ ಆ ಪ್ರತಿಯೇ. ಮಾಲೀಕನು ಚಿಕಿತ್ಸೆಯ ಅವಧಿಗೆ ರಜೆ ವೇತನವೆಂದು ಕೊಟ್ಟ ಹಣ ಮಾತ್ರ ವೇತನವಾಗಿಯೇ ಉಳಿಯುತ್ತದೆ.

ಪರಿಹಾರದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಆ ಬಡ್ಡಿ ಪೂರ್ತಿ ಆದಾಯ. ಇದಕ್ಕೆ ಅರ್ಧ ಕಡಿತದ ಸೌಲಭ್ಯವಿಲ್ಲ. ವರ್ಷದ ಬಡ್ಡಿ ರೂ. 40,000 ಮೀರಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಕಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಕಡಿತ ಶೇ. 20. ತೆರಿಗೆ ಬೀಳದಷ್ಟು ಆದಾಯವುಳ್ಳ, 60 ವರ್ಷದೊಳಗಿನವರು ವರ್ಷಾರಂಭದಲ್ಲೇ ನಮೂನೆ 15ಜಿ ಸಲ್ಲಿಸಿದರೆ ಕಡಿತ ತಪ್ಪುತ್ತದೆ. ಈಗಾಗಲೇ ಕಡಿದಿದ್ದರೆ, ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಿಯೇ ಮರುಪಾವತಿ ಪಡೆಯಬೇಕಾಗುತ್ತದೆ.