ಬಾಣಬಿರುಸು: ಕಾಣದ ಶಾಖ, ಕೇಳದ ಸದ್ದು

ದೀಪಾವಳಿಯ ಸಂಜೆ ದೊಡ್ಡ ಪಟಾಕಿಗಳನ್ನು ಹಿರಿಯರು ತಮ್ಮ ವಶದಲ್ಲಿರಿಸಿಕೊಂಡು, ಮನೆಯ ಅತಿ ಚಿಕ್ಕ ಮಗುವಿನ ಕೈಗೆ ಸುರುಸುರು ಬತ್ತಿಯನ್ನು ಕೊಡುವುದು ವಾಡಿಕೆ. ಸದ್ದು ಮಾಡದ ವಸ್ತು ಸಾಧುವಾದುದೆಂಬ ಭಾವನೆಯೇ ಇದಕ್ಕೆ ಕಾರಣ. ಅಪಾಯವನ್ನು ಅಳೆಯಲು ನಾವು ನಂಬುವುದು ಕಣ್ಣನ್ನು ಮತ್ತು ಕಿವಿಯನ್ನು. ಬಾಣಬಿರುಸಿನ ವಿಷಯದಲ್ಲಿಯಾದರೋ ಈ ಎರಡು ಇಂದ್ರಿಯಗಳೂ ನಮ್ಮನ್ನು ವಂಚಿಸಬಲ್ಲವು. ಅದು ಹೇಗೆಂಬುದನ್ನು ಭೌತವಿಜ್ಞಾನದ ನೆರವಿನಿಂದ ಪರಿಶೀಲಿಸೋಣ.

ಸೌದೆ ಉರಿಯಬೇಕಾದರೆ ಗಾಳಿಯಲ್ಲಿನ ಆಮ್ಲಜನಕ ಬೇಕು. ಬಾಣಬಿರುಸಿಗೆ ಆ ಹಂಗಿಲ್ಲ. ಸಾಂಪ್ರದಾಯಿಕ ಕರಿಮದ್ದಿನ ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕವಿರುತ್ತವೆ. ಪೆಟ್ಲುಪ್ಪೆಂದರೆ ಪೊಟಾಸಿಯಂ ನೈಟ್ರೇಟ್. ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಅದೇ. ಆದುದರಿಂದ ಹೊತ್ತಿಕೊಂಡ ಪಟಾಕಿಯ ಮೇಲೆ ಏನನ್ನಾದರೂ ಮುಚ್ಚಿ ಅದನ್ನು ನಂದಿಸುವೆನೆಂಬುದು ಭ್ರಮೆ. ಮುಚ್ಚಿದಷ್ಟೂ ಅನಿಲಗಳಿಗೆ ಹೊರದಾರಿ ಇಲ್ಲದೆ ಒತ್ತಡ ಏರುತ್ತದೆ. ಡಬ್ಬಿಯನ್ನೋ ಮಡಕೆಯನ್ನೋ ಕವಿಚಿ ಪಟಾಕಿ ಸಿಡಿಸಿದರೆ ಅದರ ಚೂರುಗಳೇ ಬಾಣಗಳಾಗಿ ಹಾರುತ್ತವೆ.

ಇನ್ನು ಸುರುಸುರು ಬತ್ತಿಗೆ ಬರೋಣ. ಅದರ ಉರಿಯುವ ತುದಿಯ ಉಷ್ಣತೆ 1,000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುವುದುಂಟು. ನೀರು ಕುದಿಯುವುದು 100 ಡಿಗ್ರಿಯಲ್ಲಿ, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ ಎಂಬುದನ್ನು ನೆನೆದರೆ ಇದರ ಅರ್ಥ ತಿಳಿದೀತು. ಆದರೂ ಕಿಡಿಗಳು ಕೈಮೇಲೆ ಬಿದ್ದಾಗ ಸುಟ್ಟಂತಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಉಷ್ಣತೆ ಬೇರೆ, ಶಾಖದ ಪರಿಮಾಣ ಬೇರೆ. ಕಿಡಿಯ ದ್ರವ್ಯರಾಶಿ ಅತ್ಯಲ್ಪವಾದುದರಿಂದ ಅದು ಹೊತ್ತುತರುವ ಶಾಖವೂ ಅತ್ಯಲ್ಪ. ಗಡುಸಾದ ಅಂಗೈ ಅದನ್ನು ಸಹಿಸೀತು. ಕಣ್ಣಿನ ಪಾರದರ್ಶಕ ಪಟಲ ಸಹಿಸದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ದೀಪಾವಳಿಯ ದಿನಗಳಲ್ಲಿ ಬರುವ ಗಾಯಾಳುಗಳಲ್ಲಿ ಮಕ್ಕಳೂ ಇರುತ್ತಾರೆ, ಪಟಾಕಿಯನ್ನು ಮುಟ್ಟದೆ ಬದಿಯಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ.

ಕಿಡಿಗಿಂತಲೂ ಕಪಟಿಯಾದುದು ಉರಿದು ಮುಗಿದ ತಂತಿ. ಕಾಯಿಸಿದ ಘನವಸ್ತುಗಳು ಸುಮಾರು 525 ಡಿಗ್ರಿಯಲ್ಲಿ ಕಣ್ಣಿಗೆ ಕಾಣುವಂತೆ ಕೆಂಪಾಗತೊಡಗುತ್ತವೆಂದು ಡ್ರೇಪರ್ ಎಂಬ ವಿಜ್ಞಾನಿ 1847ರಲ್ಲಿ ತೋರಿಸಿದನು. ಇದನ್ನೇ ತಿರುಗಿಸಿ ಓದಿ: ಕೆಂಪು ಮಾಸಿ ಕಪ್ಪಾದ ತಂತಿ ಇನ್ನೂ 400 ಡಿಗ್ರಿಯಲ್ಲಿರಬಹುದು! ಕತ್ತಲೆಯ ಅಂಗಳದಲ್ಲಿ ಎಸೆದ ಆ ತಂತಿಯನ್ನು ಬರಿಗಾಲಿನ ಮಗು ತುಳಿಯುತ್ತದೆ. ನೀರು ತುಂಬಿದ ಬಕೆಟ್ಟೊಂದನ್ನು ಬಳಿಯಲ್ಲಿರಿಸಿ, ಮುಗಿದ ಕಡ್ಡಿಗಳನ್ನೆಲ್ಲ ಅದರಲ್ಲಿ ಅದ್ದುವುದೇ ಇದಕ್ಕೆ ಉಪಾಯ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುವುದರಿಂದ ಹತ್ತಿಯ ಉಡುಪೇ ಮೇಲು. ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪಿನ ಬಳಿಕ ಬಳಕೆಗೆ ಬಂದ ಹಸಿರು ಪಟಾಕಿಗಳು ಹೊಗೆಯನ್ನು ತಗ್ಗಿಸುತ್ತವೆಯಾದರೂ, ಸುಡುವ ಗುಣದಲ್ಲಿ ಅವೂ ಪಟಾಕಿಗಳೇ.

ಕಿವಿಯ ವಂಚನೆಯಾದರೂ ಏನು? ನಮ್ಮ ದೇಶದ 1999ರ ನಿಯಮದಂತೆ, ಸಿಡಿಯುವ ಬಿಂದುವಿನಿಂದ 4 ಮೀಟರ್ ದೂರದಲ್ಲಿ ಪಟಾಕಿಯ ಸದ್ದಿನ ಶಿಖರ 145 ಡೆಸಿಬೆಲ್ಲನ್ನು ಮೀರಕೂಡದು. ಕಿವಿಯ ರಕ್ಷಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಶಿಖರಮಿತಿ ವಯಸ್ಕರಿಗೆ 140, ಮಕ್ಕಳಿಗೆ 120. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 8 ಮೀಟರಿನಲ್ಲಿ 139, 16ರಲ್ಲಿ 133, 32ರಲ್ಲಿ 127, 64ರಲ್ಲಿ 121. ಅಂದರೆ, ನಿಯಮಬದ್ಧವಾದ ಪಟಾಕಿಯೇ ಆದರೂ ಅದು ಮಿತಿಯ ಅಂಚಿನಲ್ಲಿದ್ದರೆ, ಮಗು ಸುಮಾರು 70 ಮೀಟರ್ ದೂರವಿರಬೇಕಾಗುತ್ತದೆ. ಎರಡೂ ಕಡೆ ಗೋಡೆಗಳಿರುವ ಓಣಿಯಲ್ಲಿ ಪ್ರತಿಫಲನದಿಂದಾಗಿ ಸದ್ದು ಇಷ್ಟು ಬೇಗ ಇಳಿಯುವುದೂ ಇಲ್ಲ.

ಪ್ರಾಣಿಗಳ ಪಾಡು ಇನ್ನೂ ಕಷ್ಟ. ನಮ್ಮ ಕಿವಿಗೆ ಕೇಳುವ ಗರಿಷ್ಠ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ನಾಯಿಗೆ 45,000ದವರೆಗೂ, ಬೆಕ್ಕಿಗೆ 60,000ಕ್ಕೂ ಮೇಲಕ್ಕೂ ಕೇಳುತ್ತದೆ. ಥಟ್ಟನೆ ಸಿಡಿಯುವ ಸದ್ದಿನಲ್ಲಿ ನಮಗೆ ಕೇಳದ ಕಂಪನಗಳೂ ಬೆರೆತಿರುತ್ತವೆ. ಮೇಲಾಗಿ, ಇದು ಹಬ್ಬವೆಂದು ಅವುಗಳಿಗೆ ತಿಳಿಸಿ ಹೇಳುವವರಾರು? ನಾಯಿಯನ್ನು ಹಗಲಿನಲ್ಲಿಯೇ ತಿರುಗಾಡಿಸಿ ತಂದು, ಸಂಜೆ ಒಳಕೋಣೆಯಲ್ಲಿರಿಸಿ, ಕಿಟಕಿ ಮುಚ್ಚಿ, ಫ್ಯಾನನ್ನೋ ರೇಡಿಯೋವನ್ನೋ ಹಾಕಿಡಬೇಕು. ಹೊರಗೆ ಸರಪಳಿಯಲ್ಲಿ ಬಿಗಿಯಕೂಡದು. ಹೆದರಿದುದಕ್ಕೆ ಗದರಿಸಲೂ ಕೂಡದು. ಬಲಿಪಾಡ್ಯಮಿಯ ಬೆಳಿಗ್ಗೆ ಅರಿಸಿನ ಕುಂಕುಮವಿಟ್ಟು ಪೂಜಿಸಿದ ಹಸುವಿನ ಕೊಟ್ಟಿಗೆಯ ಬಳಿ ಸಂಜೆ ಸರ ಪಟಾಕಿ ಹಚ್ಚುವುದು ಎಂತಹ ಪೂಜೆ?

ಸುಟ್ಟ ಗಾಯವಾದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಚರ್ಮದ ಒಳಕ್ಕೆ ಇಳಿಯುತ್ತಿರುವ ಶಾಖವನ್ನು ನೀರು ಹೊರಕ್ಕೆಳೆಯುತ್ತದೆ. ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟುಗಳು ಆ ಕೆಲಸವನ್ನು ಮಾಡಲಾರವು. ಮಂಜುಗಡ್ಡೆ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡೀತು. ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜದೆ, ಒತ್ತದೆ, ಸಿಕ್ಕಿದ ಚೂರನ್ನು ತೆಗೆಯಲು ಯತ್ನಿಸದೆ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಕೊನೆಯದಾಗಿ, ಸಿಡಿಯದೆ ಉಳಿದ ಪಟಾಕಿ. ಬತ್ತಿಯ ಒಳಗೆಲ್ಲೋ ಕಿಡಿ ಜೀವಂತವಾಗಿರಬಹುದು. ಹೊರಗೆ ಬೆಳಕಿಲ್ಲ, ಸದ್ದಿಲ್ಲ. ಬಗ್ಗಿ ನೋಡುವ ಮುಖಕ್ಕೆ ಅದು ಸಿಡಿಯುತ್ತದೆ. ಕನಿಷ್ಠ 20 ನಿಮಿಷ ಬಿಟ್ಟು, ದೂರದಿಂದಲೇ ಚೆನ್ನಾಗಿ ನೀರು ಸುರಿಯಬೇಕು. ಮರುದಿನ ಬೆಳಗಾಗುವಷ್ಟರಲ್ಲಿ ಬೀದಿಯ ಮಕ್ಕಳು ಇಂತಹ ಉಳಿಕೆಗಳನ್ನು ಆಯ್ದು, ಮದ್ದನ್ನು ಕಾಗದಕ್ಕೆ ಸುರಿದು ಹಚ್ಚಲು ಹೊರಡುತ್ತಾರೆ. ಅವರಿಗಿಂತ ಮೊದಲೇ ಎದ್ದು, ನಮ್ಮ ಮನೆಯ ಮುಂದಿನ ಕಸವನ್ನು ನಾವು ನೆನೆಸಿ ಗುಡಿಸಿಬಿಡುವುದು ಹಬ್ಬದ ಕೊನೆಯ ಕರ್ತವ್ಯವೆಂದು ತಿಳಿಯೋಣ.