ಗ್ಲೆನೆಲ್ಗ್‌ನಲ್ಲಿ ತಂಗಿಯ ಬಾಣಂತನ

2025ರ ಆಗಸ್ಟ್‌ನಲ್ಲಿ ನನ್ನ ವಾರ್ಷಿಕ ರಜೆ ಊರಿನಲ್ಲಿ ಅಲ್ಲ, ಆಸ್ಟ್ರೇಲಿಯಾದ ಅಡಿಲೇಡ್ ನಗರದ ಕಡಲತೀರ ಗ್ಲೆನೆಲ್ಗ್‌ನಲ್ಲಿ ಕಳೆಯಿತು. ಅಮ್ಮನಿಗೆ ಮೊಣಕಾಲು ನೋವು. ತಂಗಿಯ ಬಾಣಂತನಕ್ಕೆ ನಾನೇ ಹೋಗಬೇಕಾಯಿತು. ಅಲ್ಲಿ ಆಗ ಚಳಿಗಾಲ. ಜೆಟ್ಟಿ ನೋಡಿದ್ದು ಎರಡೇ ಸಲ. ಉಳಿದ ದಿನವೆಲ್ಲ ಬಿಸಿನೀರು, ಕಷಾಯ, ಮಗುವಿನ ಬಟ್ಟೆ.

ಹೆರಿಗೆ ರಜೆಯ ಹಣವನ್ನು ಅಲ್ಲಿ ಸರ್ಕಾರವೇ ಕೊಡುತ್ತದೆ. 2011ರಲ್ಲಿ 18 ವಾರದಿಂದ ಶುರುವಾದ ಯೋಜನೆ, 2025ರ ಜುಲೈ 1ರಿಂದ ಒಂದು ವರ್ಷದೊಳಗೆ ಹುಟ್ಟಿದ ಮಗುವಿಗೆ 24 ವಾರ. ದಂಪತಿಗಳಾದರೆ ಅದರಲ್ಲಿ 3 ವಾರ ತಂದೆಗೆ ಮೀಸಲು. ಸಿಗುವುದು ಕನಿಷ್ಠ ವೇತನ: 2025ರ ಆಗಸ್ಟ್‌ನಲ್ಲಿ ಅದು ವಾರಕ್ಕೆ 948.10 ಡಾಲರ್ ಇತ್ತು, ತೆರಿಗೆ ಕಳೆಯುವ ಮೊದಲು. ಆಗ ಒಟ್ಟು ಸುಮಾರು 22,750 ಡಾಲರ್. ಹೆರಿಗೆಗೆ ಮುಂಚಿನ 13 ತಿಂಗಳಲ್ಲಿ 10 ತಿಂಗಳು, ಕನಿಷ್ಠ 330 ಗಂಟೆ ದುಡಿದಿರಬೇಕು. ವಾರಕ್ಕೆ ಒಂದು ದಿನದ ಕೆಲಸವಿದ್ದರೂ ಸಾಕು.

ವೃದ್ಧಾಶ್ರಮದಲ್ಲಿ ವಾರಕ್ಕೆ ಮೂರು ದಿನ ದುಡಿಯುತ್ತಿದ್ದ ತಂಗಿ ಇದರಲ್ಲಿ ಪಾಸು. ಆದರೆ ಇನ್ನೊಂದು ನಿಯಮವಿದೆ: ಹೊಸದಾಗಿ ಪಿ.ಆರ್. ಪಡೆದವರು ಎರಡು ವರ್ಷ ಕಾಯಬೇಕು. ಗಂಡ ಹೆಂಡತಿ ಪಿ.ಆರ್. ಸಿಕ್ಕಿ ಅಲ್ಲಿಗೆ ಹೋದದ್ದು 2024ರ ಜನವರಿಯಲ್ಲಿ. ಐದು ತಿಂಗಳು ಕಡಿಮೆ!

"ಅಕ್ಕಾ, ಮಗು ಕ್ಯಾಲೆಂಡರ್ ನೋಡಿ ಹುಟ್ಟುತ್ತದಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಗುವಿಗೆ ಎರಡು ತಿಂಗಳು ತುಂಬುವಾಗಲೇ ಅವಳು ರಾತ್ರಿ ಪಾಳಿಗೆ ಮರಳಿದಳು.

ನಮ್ಮ ಯುಎಇಯಲ್ಲಿ ಹೇಗೆ? ನನ್ನ ಮಗ ಹುಟ್ಟಿದಾಗ ಸಿಕ್ಕಿದ್ದು 45 ದಿನ. 2022ರಿಂದ ಖಾಸಗಿ ಕಂಪನಿಗಳಲ್ಲಿ 60 ದಿನ: 45ಕ್ಕೆ ಪೂರ್ತಿ ಸಂಬಳ, 15ಕ್ಕೆ ಅರ್ಧ. ಕೊಡಬೇಕಾದದ್ದು ಕಂಪನಿ. ಮನೆಗೆಲಸದ ಅಕ್ಕ-ತಂಗಿಯರು ಈ ಕಾಯ್ದೆಯೊಳಗೆ ಬರುವುದಿಲ್ಲ. ಅವರಿಗೆ ಬೇರೆ ಕಾಯ್ದೆ. ಊರಿನಲ್ಲಿ ಕಂಪನಿ ಕೆಲಸದವರಿಗೆ 2017ರಿಂದ 26 ವಾರ. ಬೀಡಿ ಕಟ್ಟುವ ನಮ್ಮ ಅತ್ತಿಗೆಗೆ ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯಲ್ಲಿ ಬಂದದ್ದು 5,000 ರೂಪಾಯಿ.

ಔಷಧಿ ಎಷ್ಟೇ ಒಳ್ಳೆಯದಿರಲಿ, ಹೊತ್ತಿಗೆ ಸಿಕ್ಕರೆ ಮಾತ್ರ ಗುಣ. ಈ ಹಣವೂ ಹಾಗೆಯೇ. ಗಲ್ಫ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿರುವ ನಮ್ಮ ಹುಡುಗಿಯರೇ, ಮೊತ್ತ ಕೇಳುವ ಮೊದಲು ಅರ್ಹತೆ ಕೇಳಿ. ಪಿ.ಆರ್. ತಾರೀಕು ಬರೆದಿಟ್ಟುಕೊಳ್ಳಿ, ಪೇಸ್ಲಿಪ್ ಎಸೆಯಬೇಡಿ, ಕಾಯುವ ಅವಧಿ ಮುಗಿದ ಮೇಲಾದರೂ ಏನಾದರೂ ಸಿಗುತ್ತದೆಯೇ ವಿಚಾರಿಸಿ. ಆರು ತಿಂಗಳ ಖರ್ಚಿನ ದುಡ್ಡು ಮಾತ್ರ ಇಲ್ಲಿಂದಲೇ ಉಳಿಸಿಕೊಂಡು ಹೋಗಿ.